ದೇವಕಮ್ಮನ ಕೆಂಪು ಪೆನ್ಸಿಲು

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯವನು ಒಂದು ಸಲ ತನ್ನ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ಕೆಳಗೆ ಎರಡು ಸಾಲು ಇಂಗ್ಲಿಷನ್ನೂ ಬರೆಸಿದ. ಊರ ಮಂದಿ ನೋಡಿ, ‘ಭಾರಿ ಆಗ್ಯದ’ ಅಂದು, ಒಳಗೆ ಹೋಗಿ ರೊಟ್ಟಿ ತಿಂದು ಬಂದರು. ದೇವಕಮ್ಮ ಮಾತ್ರ ಬೋರ್ಡಿನ ಕೆಳಗೇ ನಿಂತುಬಿಟ್ಟಳು. ಆ ಎರಡು ಸಾಲು ಸರಿಯಾಗುವವರೆಗೆ ಹೊಸಿಲು ದಾಟುವುದಿಲ್ಲ ಎಂಬ ಮುಖ ಮಾಡಿಕೊಂಡು ಅವಳು ಖಾನಾವಳಿಯವನನ್ನು ಹೊರಗೆ ಕರೆಸಿದಳು. ಜೊತೆಗಿದ್ದ ಗಂಡ ಅಂಬ್ರಪ್ಪ ಹಸಿದಿದ್ದ. ಈ ಪಂಚಾಯಿತಿ ಬೇಗ ಮುಗಿಯುವುದಲ್ಲ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಪಕ್ಕದ ಬಂಡಿಯಲ್ಲಿ ಮಿರ್ಚಿ ಭಜಿ ತಿಂದು ಹೊಟ್ಟೆ ತಣ್ಣಗೆ ಮಾಡಿಕೊಂಡ. ಅಂಬ್ರಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ತನ್ನ ರಜೆಯ ಅರ್ಜಿಯನ್ನು ಹೆಂಡತಿಗೆ ತೋರಿಸದೆ ಕಳಿಸುವ ಧೈರ್ಯ ಅವನಿಗಿರಲಿಲ್ಲ. ತೋರಿಸಿದರೆ, ಜ್ವರ ಬಿಟ್ಟು ಎದ್ದು ಕುಳಿತ ಮೇಲೆ ಅರ್ಜಿ ಸರಿಯಾಗಿ ಕೈಗೆ ಬರುತ್ತಿತ್ತು.

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವೂ ನೋಡಿರುತ್ತೀರಿ. ದೇವಕಮ್ಮ ಇಂಗ್ಲಿಷಿನಲ್ಲಿ ಹುಡುಕುತ್ತಿದ್ದಳು, ಮತ್ತು ಹುಡುಕಿದಾಗಲೆಲ್ಲ ಅವಳಿಗೆ ಕಲ್ಲು ಸಿಗುತ್ತಿತ್ತು. ಕಾಲುವೆ ಕಚೇರಿಯಲ್ಲಿ ಅವಳನ್ನು ಕಂಡರೆ ಇಂಗ್ಲಿಷ್ ಬಲ್ಲವರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ನಗು ಬರುತ್ತದೆ, ನಿಜ. ಆದರೆ ನಗುವ ಮೊದಲು ಅವಳು ಎಲ್ಲಿಂದ ನಡೆದು ಬಂದಳು ಎಂಬುದನ್ನು ಕೇಳಿ, ಆಮೇಲೆ ನಗುವುದಿದ್ದರೆ ನಗಿ.

ಅವಳು ಯಾದಗಿರಿ ಹತ್ತಿರದ ರಾಮಸಮುದ್ರದವಳು. ತಂದೆ ತಾಯಪ್ಪ ಕಂಡವರ ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದವನು. ಮಗಳು ಹತ್ತನೆಯ ಇಯತ್ತೆ ಪಾಸಾದಾಗ ಕೇರಿಗೆ ಕೇರಿಯೇ ಸಕ್ಕರೆ ತಿಂದಿತು. ಯಾದಗಿರಿಯಲ್ಲಿ ಅವಳು ಟೈಪಿಂಗ್ ಕಲಿತಳು. ನಾರಾಯಣಪುರದಿಂದ ಕೃಷ್ಣೆಯ ನೀರನ್ನು ಕಾಲುವೆಯಲ್ಲಿ ಈ ಸೀಮೆಗೆ ತರುತ್ತಿದ್ದ ವರ್ಷಗಳು ಅವು. ಮೊದಲು ಜೀಪುಗಳು ಬಂದವು, ಆಮೇಲೆ ಸಿಮೆಂಟು ಬಂತು, ಅದರ ಬೆನ್ನಿಗೆ ಕಾಗದ ಬಂತು. ನೀರು ಎಲ್ಲಕ್ಕಿಂತ ಹಿಂದೆ ಬಂತು. ಅಷ್ಟು ಕಾಗದವನ್ನು ಬಡಿಯಲು ಟೈಪಿಸ್ಟರು ಬೇಕಾಗಿದ್ದರು. ಹಾಗೆ ದೇವಕಮ್ಮ ಎರಡು ಜಡೆ ಬಿಚ್ಚಿ ತುರುಬು ಕಟ್ಟಿಕೊಂಡು ಶಹಾಪುರ ಸೀಮೆಯ ಒಂದು ಕಾಲುವೆ ಕಚೇರಿಗೆ ಬಂದಳು.

ಬಂದ ಹೊಸದರಲ್ಲೇ ಬಾಗಿಲ ಹಿಂದಿನ ಒಂದು ಮಾತು ಕಿವಿಗೆ ಬಿತ್ತು. ಗುಮಾಸ್ತನೊಬ್ಬ ಯಾವುದೋ ಕಾಗದ ಹಿಡಿದು, ‘ಇವರ ಮಂದಿಗಿ ಕುರ್ಚಿ ಕೊಟ್ರ ಕಾಗದ ಹಿಂಗ ಆಗ್ತಾವ ನೋಡ್ರಿ’ ಅನ್ನುತ್ತಿದ್ದ. ಆ ಕಾಗದ ಅವಳು ಮಾಡಿದ್ದಾಗಿರಲಿಲ್ಲ. ಮಾಡಿದವನು ಅದೇ ಗುಮಾಸ್ತನ ಸ್ವಂತ ಭಾವಮೈದುನ. ಅದು ತಿಳಿದ ಕೂಡಲೇ ತಪ್ಪು ಬರೀ ಕಣ್ತಪ್ಪಾಗಿ, ಎಲ್ಲರೂ ಚಹಾ ಕುಡಿದರು. ದೇವಕಮ್ಮ ಅವತ್ತು ಒಂದು ಲೆಕ್ಕ ಕಲಿತಳು. ಮಂದಿ ತಪ್ಪು ಮಾಡಿದರೆ ಅದು ತಪ್ಪು. ತಾನು ಮಾಡಿದರೆ ಅದು ಜಾತಿ.

ಆಗ ಆ ಕಚೇರಿಯ ಹೆಡ್ ಕ್ಲರ್ಕ್ ಶಾಂತಪ್ಪನವರು. ಸುರಪುರದ ಕಿರಾಣಿ ಅಂಗಡಿಯವರ ಮನೆತನ, ಹಣೆಗೆ ವಿಭೂತಿ, ಬಾಯಲ್ಲಿ ಅಡಿಕೆ. ದಿನಾ ಬೆಳಿಗ್ಗೆ ಸುರಪುರದ ಬಸ್ಸಿಗೆ ಬಂದು, ಅಂಗಿ ಕೈ ಮಡಚಿ, ಮುಂದಿಟ್ಟ ಕಾಗದಗಳಿಗೆ ಸೊಪ್ಪು ಕೊಯ್ದಂತೆ ಸಹಿ ಮಾಡುವರು. ‘ಸರ, ಒಮ್ಮೆ ಓದ್ರಿ’ ಎಂದು ದೇವಕಮ್ಮ ಅಂದರೆ, ‘ಓದೂದೇನದ? ನೀರು ಬೇಕು ಅಂತ ತಿಳಿತದಿಲ್ಲೊ? ತಿಳುದ್ರ ಸಾಕು, ಕಳಸು’ ಅನ್ನುವರು. ಒಂದು ದಿನ ಅವರನ್ನು ಮೇಲಿನ ಕಚೇರಿಗೆ ಕರೆಸಿದರು. ಸಂಜೆ ತಿರುಗಿ ಬಂದು ಅವರೇ ಎಲ್ಲರೆದುರು ಕಥೆ ಹೇಳಿದರು: ‘ನನ್ನ ಒಂದು ಕಾಗದ ಇಟಗೊಂಡು ಸಾಹೇಬ್ರು ಮಂದಿನ ಕೂಡಿಸಿ ಓದಿದ್ರಪಾ. ನಕ್ಕು ನಕ್ಕು ಕಣ್ಣಾಗ ನೀರು. ಬೈದ್ರು, ಬೈಸಿಕೊಂಡು ಬಂದೆ.’ ಕಚೇರಿಯೂ ನಕ್ಕಿತು. ಅಂದಿನಿಂದ ಆ ಸೀಮೆಯ ಕಾಲುವೆ ಕಚೇರಿಗಳಲ್ಲೆಲ್ಲ ಕೆಟ್ಟ ಇಂಗ್ಲಿಷಿಗೆ ‘ಶಾಂತಪ್ಪನ ಇಂಗ್ಲಿಷು’ ಎಂಬ ಹೆಸರಾಯಿತು. ಊರ ಬಾಯಿಗೆ ಮುಚ್ಚಳವಿಲ್ಲ, ಕಚೇರಿಯ ಬಾಯಿಗಂತೂ ಬಾಗಿಲೂ ಇಲ್ಲ.

ದೇವಕಮ್ಮನೂ ನಕ್ಕಳು. ನಕ್ಕು, ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು: ಸತ್ತರೂ ತಾನು ಹಾಗೆ ಬರೆಯುವುದಿಲ್ಲ. ವ್ಯಾಕರಣದ ಪುಸ್ತಕ ತಂದಳು, ದಪ್ಪ ಡಿಕ್ಷನರಿ ತಂದಳು, ರೊಟ್ಟಿ ಬಡಿಯುವಾಗಲೂ ಅದನ್ನು ಕಟ್ಟೆಯ ಮೇಲೆ ತೆರೆದಿಡುತ್ತಿದ್ದಳು. ಟೈಪಿಸ್ಟಾಗಿದ್ದವಳು ಗುಮಾಸ್ತೆಯಾದಳು. ಶಾಂತಪ್ಪನವರು ನಿವೃತ್ತರಾಗಿ, ಅವರ ನಂತರ ಒಬ್ಬಿಬ್ಬರು ಬಂದು ಹೋಗಿ, ಕೊನೆಗೆ ಅದೇ ಹೆಡ್ ಕ್ಲರ್ಕ್ ಕುರ್ಚಿಯಲ್ಲಿ ದೇವಕಮ್ಮ ಕುಳಿತಳು. ಕುಳಿತ ದಿನ ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದಳು. ಆ ವೇಳೆಗೆ ಅವಳ ಕಾಗದದಲ್ಲಿ ತಪ್ಪು ತೆಗೆಯುವ ಗಂಡು ಆ ಸೀಮೆಯಲ್ಲಿ ಉಳಿದಿರಲಿಲ್ಲ. ಇದೂ ಸಣ್ಣ ಮಾತಲ್ಲ. ಕೇರಿಯ ಎಷ್ಟೋ ಹೆಣ್ಣುಮಕ್ಕಳು ಅವಳನ್ನು ನೋಡಿ ಪುಸ್ತಕ ಹಿಡಿದರು.

ಲಾಲಮ್ಮ ಬಂದದ್ದು ಆ ಕಾಲಕ್ಕೆ. ಅವಳ ತಂದೆ ಹುಲಗಪ್ಪ ಕಾಲುವೆಯ ಗೇಟು ಕಾಯುತ್ತಿದ್ದವನು, ನೌಕರಿಯಲ್ಲಿದ್ದಾಗಲೇ ತೀರಿಕೊಂಡ. ಅನುಕಂಪದ ಮೇಲೆ ಮಗಳಿಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಇನ್ನೂ ಪರೀಕ್ಷಾವಧಿ, ಒಂದು ಕೆಟ್ಟ ಷರಾ ಬಿದ್ದರೆ ನೌಕರಿಗೆ ಕುತ್ತು. ಮನೆಯಲ್ಲಿ ತಾಯಿ ಶೇಖಮ್ಮ, ಓದುವ ತಮ್ಮ ತಂಗಿಯರು, ಎಲ್ಲರ ರೊಟ್ಟಿಯೂ ಆ ಹುಡುಗಿಯ ಮೇಜಿನ ಮೇಲೆ. ಅವಳ ಇಂಗ್ಲಿಷಿಗೋ ಕೈಯಿದ್ದರೆ ಕಾಲಿಲ್ಲ. ‘ನಮ್ಮ ಮಂದಿ ಹುಡುಗಿ, ಇವಳನ್ನ ನಾನ ತಿದ್ದಬೇಕು’ ಎಂದು ದೇವಕಮ್ಮ ಪೆನ್ಸಿಲು ಚೂಪು ಮಾಡಿದಳು. ಬೇರೆಯವರ ಕರಡಿಗೆ ಎರಡು ಗೆರೆ ಎಳೆದರೆ ಲಾಲಮ್ಮನ ಕರಡಿಗೆ ಇಪ್ಪತ್ತು. ಅದು ಸಿಟ್ಟಲ್ಲ, ಮಮತೆ. ಆದರೆ ಹೊಡೆತ ತಿನ್ನುವವರಿಗೆ ಎರಡೂ ಒಂದೇ ಕಡೆ ಹತ್ತುತ್ತವೆ. ಹುಡುಗಿ ಪೆನ್ಸಿಲು ಕಂಡರೆ ಬೆವರತೊಡಗಿದಳು.

ಒಂದು ಬೇಸಿಗೆ ಬೋನಾಳದ ಆಚೆಯ ಕರಿಗುಡ್ಡ ಎಂಬ ಹಳ್ಳಿಯವರು ಕಚೇರಿಗೆ ಬಂದರು. ಅದು ಕಾಲುವೆಯ ತುದಿಯ ಊರು. ನೀರು ಅಲ್ಲಿ ಮುಟ್ಟುವುದೇ ಕಡೆಗೆ, ನಿಲ್ಲುವುದು ಎಲ್ಲರಿಗಿಂತ ಮೊದಲು. ಕಾಲುವೆ ಬಂದ್ ಮಾಡುವ ದಿನ ಹತ್ತಿರ ಬಂದಿತ್ತು, ಅವರ ಕುಡಿಯುವ ನೀರಿನ ಕೆರೆ ಇನ್ನೂ ತುಂಬಿರಲಿಲ್ಲ. ಸಣ್ಣ ಕಾಲುವೆಯ ಗೇಟು ಇನ್ನಷ್ಟು ದಿನ ತೆರೆದಿಡಲು ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಕನ್ನಡದಲ್ಲಿ ಬರೆಯಿರಿ ಎಂದು ಸರ್ಕಾರ ಎಷ್ಟೇ ಹೇಳಿದರೂ ನೀರಿನ ವ್ಯವಹಾರವೆಲ್ಲ ಅಲ್ಲಿ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಕಾಗದ ಬರೆಯುವ ಕೆಲಸ ಲಾಲಮ್ಮನ ಪಾಲಿಗೆ ಬಂತು.

ಅವಳು ಬರೆದ ಮೊದಲ ಕರಡು ಹೀಗಿತ್ತು: ‘ಕರಿಗುಡ್ಡ ಟ್ಯಾಂಕ್ ಈಸ್ ಫುಲ್ಲೀ ಎಂಪ್ಟಿ. ಬಫೆಲೋಸ್ ಆರ್ ಸ್ಟ್ಯಾಂಡಿಂಗ್ ಅಂಡ್ ಕ್ರೈಯಿಂಗ್. ಲೇಡೀಸ್ ಆರ್ ಟೂ ಮಚ್ ವಾಕಿಂಗ್ ಫಾರ್ ಒನ್ ಪಾಟ್ ವಾಟರ್. ಕೈಂಡ್ಲಿ ಕೀಪ್ ಗೇಟ್ ಓಪನ್ ಅಪ್‌ಟು ಟ್ಯಾಂಕ್ ಫುಲ್.’

ದೇವಕಮ್ಮ ಓದಿ ತಲೆ ಹಿಡಿದುಕೊಂಡಳು. ‘ಏ ಹುಡುಗಿ, ಸರ್ಕಾರಿ ಕಾಗದದಾಗ ಎಮ್ಮಿ ಅಳ್ತಾವೇನು? ತಗೊಂಡು ಹೋಗು, ಹೊಳ್ಳಿ ಬರಿ.’ ಎರಡನೆಯ ಕರಡಿನಲ್ಲಿ ಎಮ್ಮೆ ಹೋಗಿತ್ತು, ಕ್ರಿಯಾಪದಗಳೂ ಅದರ ಜೊತೆ ಹೋಗಿದ್ದವು. ಮತ್ತೆ ಹಿಂದಕ್ಕೆ ಹೋಯಿತು. ಮೂರನೆಯದಕ್ಕೆ ಹುಡುಗಿ ಎಷ್ಟು ಹೆದರಿದ್ದಳೆಂದರೆ ನೀರು ಯಾವ ಊರಿಗೆ ಬೇಕು ಎಂಬುದನ್ನೇ ಬಿಟ್ಟಿದ್ದಳು. ಅದೂ ಹಿಂದಕ್ಕೆ ಬಂತು. ತಾನೇ ಕುಳಿತು ಬರೆದಿದ್ದರೆ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಹುಡುಗಿ ಕಲಿಯಬೇಕಲ್ಲ! ಕಲಿಸುವ ಹಟದಲ್ಲಿ ದೇವಕಮ್ಮನಿಗೆ ದಿನ ಉರುಳಿದ್ದು ತಿಳಿಯಲಿಲ್ಲ. ಕಾಗದ ಕೆಳಗೆ ಮೇಲೆ ಓಡಾಡುತ್ತಿರುವಾಗಲೇ ತುದಿಯ ಗೇಟು ಬಂದ್ ಆಯಿತು. ನೀರಿಗೆ ವ್ಯಾಕರಣ ಬರುವುದಿಲ್ಲ, ಕಾಯುವುದಕ್ಕೂ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಕರಿಗುಡ್ಡದ ಹೆಂಗಸರು ಟ್ರ್ಯಾಕ್ಟರು ತುಂಬಿಕೊಂಡು ಬಂದರು. ಬರಿಗೊಡಗಳನ್ನು ಕಚೇರಿಯ ಮೆಟ್ಟಿಲ ಮೇಲೆ ಬಡಿಯತೊಡಗಿದರು. ಆ ಸದ್ದಿಗೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಸಾಹೇಬರು ಹೊರಗೆ ಬಂದರು. ಮಂಡ್ಯ ಕಡೆಯ ಎಳೆಯ ಇಂಜಿನಿಯರು, ಇಲ್ಲಿಯ ಬಿಸಿಲಿಗೂ ಮಾತಿಗೂ ಇನ್ನೂ ಒಗ್ಗಿರಲಿಲ್ಲ. ‘ಯಾರ್ರೀ ಈ ಕಾಗ್ದ ಇಟ್ಕೊಂಡು ಕೂತಿದ್ದೋರು?’ ಎಂದರು. ಕಚೇರಿಯಲ್ಲಿ ಕರಡು ತಿದ್ದಿಸಿಕೊಳ್ಳಲು ಹಿಂದಕ್ಕೆ ಹೋದರೆ ಅದು ಬರೆದವರ ಮೇಜಿನ ಮೇಲಿದೆ ಎಂದೇ ಲೆಕ್ಕ. ಆ ಲೆಕ್ಕದಲ್ಲಿ ಅಷ್ಟು ದಿನವೂ ಕಾಗದ ಲಾಲಮ್ಮನ ಬಳಿ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಾಹೇಬರು ಲಾಲಮ್ಮನ ಕೈಗೆ ಮೆಮೊ ಕೊಟ್ಟರು. ‘ಸೋಮವಾರ ಬೆಳಿಗ್ಗೆ ನೀರಿನ ಕಾಗ್ದ ನನ್ನ ಟೇಬಲ್ ಮೇಲಿರ್ಬೇಕು. ಯಾಕೆ ತಡ ಆಯ್ತು ಅಂತ ಉತ್ತರಾನೂ ಇರ್ಬೇಕು. ದೊಡ್ಡ ಕಾಲುವೆ ಇನ್ನೂ ನಿಂತಿಲ್ಲ, ನಿಮ್ಮ ಪುಣ್ಯ.’

ದೇವಕಮ್ಮ ಲಾಲಮ್ಮನ ಬಾಯಿಯನ್ನೇ ನೋಡಿದಳು. ಹುಡುಗಿ ಈಗ ಅಂದುಬಿಡುತ್ತಾಳೆ, ‘ಅಕ್ಕಾರು ಹೊಳ್ಳಿ ಕಳಿಸಿದ್ರು’ ಎಂದು. ಅಂದರೆ ಅದು ಸತ್ಯವೇ. ಆದರೆ ಲಾಲಮ್ಮ ಮೆಮೊವನ್ನು ಎರಡೂ ಕೈಯಲ್ಲಿ ಹಿಡಿದು, ‘ನಂದ ತಪ್ಪದರಿ ಸಾಹೇಬ್ರ. ನನ್ನ ಇಂಗ್ಲಿಷ್ ಸರಿ ಇರಲಿಲ್ರಿ. ಅದಕ್ಕ ಅವರ ಕೆರಿ ತುಂಬಲಿಲ್ರಿ’ ಎಂದಳು. ಅವಳು ಯಾರನ್ನೂ ಉಳಿಸಲು ಹಾಗೆ ಅಂದಿರಲಿಲ್ಲ. ಹಾಗೆಂದು ನಂಬಿದ್ದಳು. ಒಂದು ಊರಿನ ಕೆರೆ ತನ್ನ ಇಂಗ್ಲಿಷಿನಿಂದ ಬತ್ತಿತು ಎಂದು ಆ ಹುಡುಗಿ ಮನಸಾರೆ ನಂಬಿದ್ದಳು. ಅದು ನಿಜವಲ್ಲ ಎಂದು ದೇವಕಮ್ಮನಿಗೆ ಗೊತ್ತಿತ್ತು. ಆದರೂ ಅವಳು ಅವತ್ತು ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಉತ್ತರ ಸುಲಭ. ಇಷ್ಟು ವರ್ಷಗಳ ನೌಕರಿಯಲ್ಲಿ ಅವಳ ಸೇವಾ ಪುಸ್ತಕದಲ್ಲಿ ಒಂದು ಕರಿ ಗೆರೆ ಇರಲಿಲ್ಲ. ಬಾಗಿಲ ಹಿಂದೆ ಮಾತಾಡುವವರ ಬಾಯಿಗೆ ಅವಳು ಹಾಕಿದ್ದ ಬೀಗ ಅದೊಂದೇ. ಅದನ್ನು ತನ್ನ ಕೈಯಾರೆ ತೆಗೆಯುವುದೇ? ಭಾನುವಾರ ಬೆಳಿಗ್ಗೆ ಅಂಬ್ರಪ್ಪನಿಗೂ ಹೇಳದೆ ಸುರಪುರದ ಬಸ್ಸು ಹತ್ತಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹುಡುಗಿಯೂ ಉಳಿಯಬೇಕು, ತನ್ನ ಪುಸ್ತಕವೂ ಉಳಿಯಬೇಕು. ಅಂಥ ಕಾಗದ ಬರೆಯುವ ಗುಟ್ಟು ಬಲ್ಲವರು ಒಬ್ಬರೇ, ಶಾಂತಪ್ಪನವರು. ಇಂಗ್ಲಿಷ್ ಬರದಿದ್ದರೂ ಯುಕ್ತಿ ಬರುತ್ತದೆ ಎಂದು ಬಸ್ಸಿನಲ್ಲಿ ಅವಳು ಮನಸ್ಸಿಗೆ ಹೇಳಿಕೊಂಡಳು.

ಶಾಂತಪ್ಪನವರು ಪಡಸಾಲೆಯಲ್ಲಿ ಕುಳಿತು ಕಡಲೆ ಹಸನು ಮಾಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ಬಾಯಲ್ಲಿ ಅಡಿಕೆ ಹಾಗೇ ಇತ್ತು. ‘ಬಾ ದೇವಕಮ್ಮ, ಮ್ಯಾಲ ಬಾ, ಕೂಡು’ ಎಂದು ಪಕ್ಕದಲ್ಲೇ ಚಾಪೆ ಹಾಸಿದರು. ಅಷ್ಟು ವರ್ಷ ಒಂದೇ ಕಚೇರಿಯಲ್ಲಿದ್ದರೂ ಅವಳು ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಹೆಂಡತಿ ಸೂಗಮ್ಮ ಒಳಗಿನಿಂದ ಚಹಾ ತಂದು ಕೊಟ್ಟು, ಅಲ್ಲೇ ಕಂಬಕ್ಕೆ ಒರಗಿ ಕುಳಿತರು.

ದೇವಕಮ್ಮ ಎಲ್ಲ ಹೇಳಿದಳು. ‘ಎರಡೂ ಉಳಿಯೂ ಹಂಗ ಒಂದು ಕಾಗದ ಹೇಳಿಕೊಡ್ರಿ ಸರ’ ಎಂದಳು.

ಶಾಂತಪ್ಪನವರು ಕಡಲೆಯಲ್ಲಿ ಕೈಯಾಡಿಸುತ್ತ, ‘ಹಂಗ ಬರೀಲಿಕ್ಕೆ ಬರ್ತದ. ಟಪಾಲು ತಡ ಆತು, ಜವಾನ ರಜಾ ಇದ್ದ, ಏನರ ಒಂದು ಹಚ್ಚಬಹುದು. ಆದ್ರ ಹುಡುಗಿ ಹಂಗ ತಿಳ್ಕೊಂಡ ಬಾಳ್ವಿ ಮಾಡ್ತದಲ್ಲ, ತನ್ನಿಂದ ಕೆರಿ ಬತ್ತಿತಂತ. ಅದಕ್ಕೇನು ಬರೀತಿ?’ ಎಂದರು.

ದೇವಕಮ್ಮನಿಗೆ ಸಿಟ್ಟು ಬಂತು. ತಪ್ಪಿತಸ್ಥರಿಗೆ ಸಿಟ್ಟು ಬೇಗ ಬರುತ್ತದೆ. ‘ನಿಮಗೇನ್ರಿ ಸರ. ನೀವು ಹೆಂಗ ಬರದ್ರೂ ನಡೀತು. ಮಂದಿ ಶಾಂತಪ್ಪನ ಇಂಗ್ಲಿಷ್ ಅಂತ ನಕ್ಕು ಬಿಟ್ರು. ನಂದು ಹಂಗ ನಡೀತಿತ್ತೇನ್ರಿ? ಒಂದ ಒಂದು ಕಾಗದ ಹಂಗ ಹೋಗಿದ್ರ ನನ್ನ ಮನಿಗಿ ಕಳಸ್ತಿದ್ರು.’

‘ಹೋಗಿತ್ತಲ್ಲವ್ವ’ ಎಂದರು ಸೂಗಮ್ಮ.

‘ನೀ ಸುಮ್ಮ ಕೂಡು, ಒಳಗ ಒಲಿ ನೋಡು ಹೋಗು’ ಎಂದರು ಶಾಂತಪ್ಪನವರು.

‘ಒಲಿ ಆರ್‍ಯದ. ಎಷ್ಟು ವರ್ಷ ಸುಮ್ಮ ಕೂಡ್ಲಿ?’ ಸೂಗಮ್ಮ ದೇವಕಮ್ಮನ ಕಡೆ ತಿರುಗಿದರು. ‘ಸಾಹೇಬ್ರು ಓದಿ ನಕ್ಕ ಕಾಗದ ಇವರದಲ್ಲ ತಂಗಿ, ನಿಂದು. ಇವರು ನಾಕು ಸಾಲು ಬರದು ಕೊಟ್ಟಿದ್ರಂತ, ನೀ ಅದಕ್ಕ ದೊಡ್ಡ ದೊಡ್ಡ ಶಬ್ದ ಹಾಕಿ ಚಂದ ಮಾಡೇನಂತ ಉಲ್ಟಾ ಮಾಡಿ ಕಳಿಸಿದ್ದೆಂತ. ಸಹಿ ಇವರದಿತ್ತು. ಯಾರು ಬರದದ್ದು ಅಂತ ಸಾಹೇಬ್ರು ಕೇಳಿದ್ರ ನಂದರಿ ಅಂದು ಬಂದ್ರು. ಅವತ್ತು ಮನಿಗಿ ಬಂದು ಉಣ್ಣಲಿಲ್ಲ. ನಾ ಬೈದೆ. ಅದಕ್ಕ ಅಂದ್ರು, ಆ ಹುಡುಗಿ ಹೊಸದಾಗಿ ಬಂದಾಳ, ಅಕಿ ಹೆಸರು ಹೇಳಿದ್ರ ಅಕಿಗಿ ಅನ್ನಂಗಿಲ್ಲ, ಅಕಿ ಮಂದಿಗೆಲ್ಲಾ ಅಂತಾರ ಅಂತ.’

ದೇವಕಮ್ಮ ಚಹಾವನ್ನು ನೆಲಕ್ಕಿಟ್ಟಳು. ಅವಳಿಗೆ ಆ ದಿನ ನೆನಪಿತ್ತು. ಡಿಕ್ಷನರಿ ಇನ್ನೂ ಬಂದಿರಲಿಲ್ಲ, ಟೈಪಿಂಗ್ ಮಾದರಿ ಪುಸ್ತಕದಿಂದ ಆರಿಸಿ ತಂದ ಶಬ್ದಗಳಿದ್ದವು, ಅವನ್ನು ತುರುಕುವ ಹುಮ್ಮಸ್ಸಿತ್ತು. ಎಲ್ಲರ ಜೊತೆ ತಾನೂ ಬಾಯಿಗೆ ಸೆರಗು ಹಿಡಿದು ನಕ್ಕದ್ದೂ ನೆನಪಿತ್ತು. ತಾನು ನಕ್ಕದ್ದು ತನ್ನ ಕಾಗದಕ್ಕೆ.

‘ಯಾಕ ಹೇಳಲಿಲ್ರಿ ಸರ?’ ಎಂದಳು.

‘ಹೇಳಿದ್ರ ನೀ ಹೊಳ್ಳಿ ಮಷೀನ್ ಮುಂದ ಕೂಡ್ತಿದ್ದಿಲ್ಲ’ ಎಂದರು ಶಾಂತಪ್ಪನವರು. ಕಡಲೆಯಿಂದ ಒಂದು ಕಲ್ಲು ಆರಿಸಿ ಒಗೆದರು. ‘ನನ್ನ ದೊಡ್ಡ ಮನಷ್ಯಾ ಅಂತ ತಿಳೀಬ್ಯಾಡ. ಆಗ ನಿನ್ನ ಈ ಮನಿಗಿ ಕರೀಲಿಕ್ಕೆ ನನಗ ಧೈರ್ಯ ಇರಲಿಲ್ಲ, ಅವ್ವ ಇದ್ಲು, ಓಣ್ಯಾಗ ಮಂದಿ ಇದ್ರು. ನಂದರಿ ಅನ್ನೋ ಧೈರ್ಯ ಒಂದಿತ್ತು. ಅಷ್ಟ ಮಾಡಿದೆ.’

ದೇವಕಮ್ಮ ಎದ್ದು ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಕಾಲು ಎಳೆದುಕೊಂಡು, ‘ಅದೆಲ್ಲ ಬ್ಯಾಡ, ನಾಳಿ ಕಾಗದ ಕಳಸು’ ಎಂದರು. ಸೂಗಮ್ಮ ಅವಳಿಗೆ ರೊಟ್ಟಿ ಪಲ್ಯ ಕಟ್ಟಿಕೊಟ್ಟರು. ಬಸ್ಸಿನಲ್ಲಿ ದೇವಕಮ್ಮ ಅತ್ತಳು. ಪಕ್ಕದಲ್ಲಿ ಕುಳಿತಿದ್ದ ಮಸ್ತಾನಬಿ ಎಂಬ ಮುದುಕಿ, ಯಾರೋ ಸತ್ತಿದ್ದಾರೆಂದು ತಿಳಿದು, ‘ಅಳಬ್ಯಾಡ ಬೇಟಿ, ದೇವರು ದೊಡ್ಡಾಂವ ಇದ್ದಾನ’ ಎಂದು ಬೆನ್ನು ಸವರಿದಳು. ‘ಹೌದಮ್ಮಾ, ದೊಡ್ಡಾಂವ ಇದ್ದಾನ’ ಎಂದಳು ದೇವಕಮ್ಮ. ತನ್ನ ಬದುಕೆಲ್ಲ ತಾನೊಬ್ಬಳೇ ಹೆಣೆದ ಚಾಪೆ ಎಂದು ನಂಬಿದ್ದವಳಿಗೆ, ಒಂದು ಅಂಚನ್ನು ಇಷ್ಟು ದಿನ ಇನ್ನೊಬ್ಬರು ಬಿಗಿ ಹಿಡಿದಿದ್ದರೆಂದು ತಿಳಿದಾಗ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು, ಸಾಕೆನ್ನುವಷ್ಟು ತುಂಬಿ ಬಂತು.

ಸೋಮವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಕಚೇರಿಗೆ ಬಂದಳು. ಒಂದು ಹಾಳೆ ತೆಗೆದು, ಕರಡು ಮಾಡದೆ, ಡಿಕ್ಷನರಿ ಮುಟ್ಟದೆ, ನೇರ ಇಂಗ್ಲಿಷಿನಲ್ಲಿ ಬರೆದಳು: ಕರಡನ್ನು ಮೂರು ಸಲ ಹಿಂದಕ್ಕೆ ಕಳಿಸಿದವಳು ನಾನು, ಗುಮಾಸ್ತೆ ಲಾಲಮ್ಮ ಮೊದಲ ದಿನವೇ ಬರೆದು ಕೊಟ್ಟಿದ್ದಳು, ತಡ ನನ್ನದು. ಆಮೇಲೆ ಲಾಲಮ್ಮನನ್ನು ಕರೆದು ಮೊದಲನೆಯ ಕರಡು ಕೇಳಿದಳು. ಹುಡುಗಿ ಅದನ್ನು ಹೊರಗೆ ತೆಗೆದಳು, ಮೈಯೆಲ್ಲ ಕೆಂಪು ಗೆರೆ. ದೇವಕಮ್ಮ ತಾನೇ ಕಂಪ್ಯೂಟರಿನ ಮುಂದೆ ಕುಳಿತು, ಗೆರೆಗಳನ್ನೆಲ್ಲ ಬಿಟ್ಟು, ಲಾಲಮ್ಮ ಬರೆದಿದ್ದನ್ನು ಬರೆದ ಹಾಗೇ ಬಡಿದಳು. ಬೆರಳು ಎರಡು ಕಡೆ ತಾನಾಗಿ ತಿದ್ದಲು ಹೋದವು, ಗದರಿಸಿ ಹಿಂದಕ್ಕೆ ಎಳೆದುಕೊಂಡಳು.

‘ಅಕ್ಕಾರ, ಅದರಾಗ ತಪ್ಪು ಅದಾವರಿ’ ಎಂದಳು ಲಾಲಮ್ಮ ಗಾಬರಿಯಿಂದ.

‘ಅದಾವ. ಇರ್ಲಿ.’

ಸಾಹೇಬರು ಮೊದಲು ದೇವಕಮ್ಮನ ಉತ್ತರ ಓದಿದರು. ಅವಳು ಎದುರಿಗೆ ನಿಂತಿದ್ದಳು. ಕಾಗದ ಮೇಜು ದಾಟಿ ಅವರ ಕೈಗೆ ಹೋಗುವಾಗಲೇ ಎರಡನೆಯ ಸಾಲಿನಲ್ಲಿ ಒಂದು ತಪ್ಪು ಅವಳ ಕಣ್ಣಿಗೆ ಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಕೈ ಚಾಚಿದ್ದರೆ ಸಿಗುತ್ತಿತ್ತು, ಚಾಚಲಿಲ್ಲ.

‘ಮೇಡಂ, ಯೋಚ್ನೆ ಮಾಡಿ ಬರ್ದಿದೀರಾ? ಇದು ನಿಮ್ಮ ಸರ್ವಿಸ್ ಬುಕ್ಕಿಗೆ ಹೋಗುತ್ತೆ.’

‘ಹೋಗ್ಲಿರಿ. ಖರೇ ಇದ್ದದ್ದು ಹೋಗ್ತದ.’

ಅವರು ಅವಳನ್ನು ಒಮ್ಮೆ ನೋಡಿ, ಮೆಮೊ ವಾಪಸ್ ಎಂದು ಮೂಲೆಯಲ್ಲಿ ಬರೆದರು. ಆಮೇಲೆ ನೀರಿನ ಕಾಗದ ತೆಗೆದುಕೊಂಡರು. ಓದುತ್ತ ಹುಬ್ಬು ಮೇಲೆ ಹೋಯಿತು. ಜೇಬಿನಿಂದ ಪೆನ್ನು ತೆಗೆದು, ‘ಏನ್ ಮೇಡಂ ಇದು, ಎಮ್ಮೆ ಅಳೋದೆಲ್ಲ ಇದೆ? ಸ್ವಲ್ಪ ತಿದ್ತೀನಿ ತಾಳಿ’ ಎಂದರು.

‘ಅಳ್ಲಿ ಬಿಡ್ರಿ ಸಾಹೇಬ್ರ!’ ಎಂದಳು ದೇವಕಮ್ಮ. ದನಿ ಪಡಸಾಲೆಯವರೆಗೆ ಕೇಳಿತು. ‘ಮೊದಲು ಸಹಿ ಹಾಕ್ರಿ. ಎಮ್ಮಿ ನೀರು ಕುಡದ ಮ್ಯಾಲ ತಿದ್ದೋಣಂತ.’

ಹೊರಗೆ ಕುಳಿತ ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿದರು. ಇದು ದೇವಕಮ್ಮನ ಬಾಯಿಂದ ಬಂದ ಮಾತೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ. ಸಾಹೇಬರು ನಕ್ಕು ಸಹಿ ಹಾಕಿದರು. ಕಾಗದ ಜೀಪಿನಲ್ಲಿ ಹೋಯಿತು. ಮೇಲಿನ ಕಚೇರಿಯಲ್ಲಿ ಓದಿದವರೂ ನಕ್ಕರಂತೆ. ನಕ್ಕರೆ ನಗಲಿ, ಅರ್ಥವಾಗದೆ ಯಾರೂ ನಗುವುದಿಲ್ಲ. ಅಳುವ ಎಮ್ಮೆ ದೊಡ್ಡ ಸಾಹೇಬರ ಕಣ್ಣಿಗೆ ಕಟ್ಟಿತೋ ಏನೋ, ಅವತ್ತೇ ಫೋನು ಬಂತು. ಸಂಜೆ ತುದಿಯ ಗೇಟು ಎದ್ದಿತು, ಮತ್ತು ಕರಿಗುಡ್ಡದ ಕೆರೆ ಕೋಡಿಯ ಮಟ್ಟಕ್ಕೆ ಬರುವವರೆಗೆ ಇಳಿಯಲಿಲ್ಲ.

ದೇವಕಮ್ಮನ ಸೇವಾ ಪುಸ್ತಕದಲ್ಲಿ ‘ಎಚ್ಚರಿಕೆ ನೀಡಲಾಗಿದೆ’ ಎಂಬ ಒಂದು ಸಾಲು ಬಿತ್ತು. ಬಾಗಿಲ ಹಿಂದೆ ಮಾತಾಡುವವರು ಮಾತಾಡಿದರು, ಜಾತಿಯನ್ನೂ ತಂದರು. ಅವಳು ಇಷ್ಟು ವರ್ಷ ಹೆದರಿದ್ದು ಸುಳ್ಳಾಗಿರಲಿಲ್ಲ. ಕೇಳಿಸಿಕೊಂಡಳು, ನೋವಾಯಿತು, ಮರುದಿನ ಮತ್ತೆ ಕೆಲಸಕ್ಕೆ ಬಂದಳು. ಅವಳು ಇಂಗ್ಲಿಷನ್ನು ಸಡಿಲ ಬಿಟ್ಟಳೆಂದು ತಿಳಿಯಬೇಡಿ; ಆ ಜೀವಕ್ಕೆ ಅದು ಆಗದ ಮಾತು. ನೀರಿನ ಕಾಗದ, ಪಗಾರದ ಕಾಗದ, ಯಾರದೋ ಹೊಟ್ಟೆಯ ಕಾಗದ ಬಂದರೆ ತಪ್ಪಿದ್ದರೂ ಮೊದಲು ಕಳಿಸುವಳು. ಸಂಜೆ ಕಚೇರಿ ಖಾಲಿಯಾದ ಮೇಲೆ ಉಳಿದ ಪ್ರತಿಯನ್ನು ಮುಂದಿಟ್ಟುಕೊಂಡು, ಲಾಲಮ್ಮನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಇಬ್ಬರೂ ಹುಡುಕುವರು. ಕೆಲವೊಮ್ಮೆ ಲಾಲಮ್ಮನೇ, ‘ಅಕ್ಕಾರ, ಇದು ನಿಮ್ಮದರಿ’ ಎಂದು ಒಂದು ತಪ್ಪು ತೋರಿಸುವಳು. ಹೆದರಿಕೆ ಹೋದ ಮೇಲೆ ಹುಡುಗಿ ಬೇಗ ಕಲಿತಳು.

ಇನ್ನೊಂದು ಸಂಗತಿಯೂ ಆಯಿತು. ಕಚೇರಿಯಲ್ಲಿ ಯಾರೋ ಹಳೆಯ ರೂಢಿಯಂತೆ ಒಂದು ಕಾಗದ ನೋಡಿ, ‘ಇದು ಖರೇ ಶಾಂತಪ್ಪನ ಇಂಗ್ಲಿಷು ನೋಡ್ರಿ’ ಎಂದಾಗ ದೇವಕಮ್ಮ ಕುರ್ಚಿಯಿಂದ ಎದ್ದು ನಿಂತಳು. ‘ಅದು ಅವರದಲ್ಲ, ನಂದು. ಇನ್ನ ಮ್ಯಾಲ ನನ್ನ ಹೆಸರ್ಲೆ ಕರೀರಿ’ ಎಂದಳು. ಶಾಂತಪ್ಪನವರಿಗೆ ಈ ಸುದ್ದಿ ಮುಟ್ಟಿ, ‘ಹುಚ್ಚಿ’ ಅಂದು ನಕ್ಕರಂತೆ. ಸೂಗಮ್ಮ ಮಾತ್ರ ಓಣಿಗೆಲ್ಲ ಹೇಳಿಕೊಂಡು ಬಂದರಂತೆ.

ಮುಂದಿನ ಮಳೆಗಾಲಕ್ಕೆ ಲಾಲಮ್ಮನ ಪರೀಕ್ಷಾವಧಿ ಮುಗಿದು ನೌಕರಿ ಕಾಯಂ ಆಯಿತು. ಆದೇಶ ಬಂದ ದಿನ ಅವಳು ತಾಯಿ ಶೇಖಮ್ಮನನ್ನು ಕರೆದುಕೊಂಡು ಪೇಢೆ ಹಿಡಿದು ದೇವಕಮ್ಮನ ಮನೆಗೆ ಬಂದಳು. ಶೇಖಮ್ಮ ದೇವಕಮ್ಮನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಲಾಲಮ್ಮ ತಲೆ ತಗ್ಗಿಸಿ, ‘ನನ್ನ ಸಲುವಾಗಿ ನಿಮ್ಮ ಹೆಸರಿಗಿ ಕಲೆ ಹಚಗೊಂಡ್ರಿ ಅಕ್ಕಾರ. ಇದು ನಾ ಸಾಯೂತನ ಮರಿಯಂಗಿಲ್ಲ’ ಎಂದಳು.

‘ನಿನ್ನ ಸಲುವಾಗಿ ಅಲ್ಲ ಹುಡುಗಿ’ ಎಂದಳು ದೇವಕಮ್ಮ. ಪೇಢೆಯ ಪೊಟ್ಟಣ ಬಿಚ್ಚಿ ಮೊದಲು ತಾಯಿಯ ಬಾಯಿಗೆ, ಆಮೇಲೆ ಮಗಳ ಬಾಯಿಗೆ ಇಟ್ಟಳು. ‘ನನ್ನ ತಪ್ಪು ಒಬ್ರು ಅರ್ಧ ಆಯುಷ್ಯ ಹೊತ್ತಾರ, ನನಗ ಗೊತ್ತಾಗದಂಗ. ಅವರು ಹೊತ್ತರಂತ ನಾ ಇವತ್ತು ಈ ಮನಿ ಕಟ್ಟಿ ಕುಂತೇನಿ. ಇನ್ನೊಂದು ನಿನ್ನ ಮ್ಯಾಲ ಹೊರಿಸಿದ್ರ, ನಾ ಮನಷ್ಯಾಳೇನು?’